ರಾಜಯೋಗ್ಯ ದಿಂಬು

ಮನೆಯಲ್ಲಿರುವ ತಜ್ಞನಿಗೆ ಮನೆಯಲ್ಲೇ ಬೆಲೆಯಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ನನ್ನನ್ನು ನೋಡಿಯೇ ಹೇಳಿರಬೇಕು. ಕೊಡೆ ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ಹದಿನೆಂಟು ವರ್ಷ ಕುರ್ಚಿ ಸವೆಸಿದವನು ನಾನು. ಯಾವ ಕೊಡೆಗೆ ಎಷ್ಟು ಕಡ್ಡಿ, ಯಾವ ಹಿಡಿಗೆ ಎಷ್ಟು ಬೆಲೆ ಎಂದು ನಿರ್ಧರಿಸುವವನು. (ನಿರ್ಧರಿಸುವ ಸಾಹೇಬರಿಗೆ ಟೈಪ್ ಮಾಡಿಕೊಡುವವನು ಎಂದು ನನ್ನವಳು ತಿದ್ದುತ್ತಾಳೆ. ಅವಳ ಮಾತು ಬಿಡಿ.)

ಇವಳು ಮನೆಯಲ್ಲೇ ದಿಂಬು ಹೊಲಿದು ಮಾರುತ್ತಾಳೆ. ಒಂದೇ ವಿನ್ಯಾಸ, ಒಂದೇ ಬೆಲೆ, ಹೊಟ್ಟೆ ಬಿರಿಯುವಷ್ಟು ಹತ್ತಿ! ನೋಡಿ ನೋಡಿ ನನ್ನ ಹೊಟ್ಟೆ ಉರಿಯಿತು. ಭಾನುವಾರ ಹಾಸಿಗೆ ಅಂಗಡಿಯವರು ನೂರು ದಿಂಬಿನ ಆರ್ಡರ್ ಮಾತಾಡಲು ಬರುವವರಿದ್ದರು. ಇಂಥ ಅವಕಾಶ ಮಣ್ಣುಪಾಲಾಗಬಾರದೆಂದು ಹನ್ನೆರಡು ಪುಟಗಳ 'ದಿಂಬು ಮಹಾಯೋಜನೆ' ಬರೆದು ಅವಳ ಹೊಲಿಗೆ ಯಂತ್ರದ ಮೇಲಿಟ್ಟೆ.

"ಏನ್ರೀ ಇದು?"

"ಸಾಮಾನ್ಯ, ಉತ್ತಮ, ರಾಜಯೋಗ್ಯ ಅಂತ ಮೂರು ದರ್ಜೆ ಮಾಡು. ರಾಜಯೋಗ್ಯಕ್ಕೆ ಮೂರು ಪಟ್ಟು ಬೆಲೆ."

"ಅದಕ್ಕೆ ಹತ್ತಿ ಜಾಸ್ತಿ ತುಂಬಬೇಕಾ?"

"ಕಮ್ಮಿ ಕಣೇ! ಅಂಚಿಗೊಂದು ಮಿರಿಮಿರಿ ಪಟ್ಟಿ ಹೊಲಿ, ಸಾಕು. ಬೆಲೆ ನೋಡಿದ್ರೆ ಮೆತ್ತಗಿದೆ ಅಂತ ಜನರೇ ಅಂದ್ಕೋತಾರೆ. ತಲೆಗೇನು ಗೊತ್ತಾಗುತ್ತೆ?"

"ಕೆಲವು ತಲೆಗೆ ಗೊತ್ತಾಗಲ್ಲ, ನಿಜ," ಎಂದಳು.

ಮರುದಿನವೇ ಮಿರಿಮಿರಿ ಪಟ್ಟಿಯ ದಿಂಬೊಂದನ್ನು ಬೆಲೆ ಚೀಟಿ ಸಮೇತ ನನ್ನ ಕೈಗಿತ್ತಳು. "ನಿಮ್ಮ ಯೋಜನೆ ಪೂರ್ತಿ ಇದರೊಳಗೇ ಇದೆ. ಭಾನುವಾರದ ತನಕ ನೀವೇ ಮಲಗಿ ನೋಡಿ. ಚೆನ್ನಾಗಿದ್ರೆ ನೂರೂ ಹೀಗೇ ಹೊಲಿತೀನಿ."

ತಲೆಯಿಟ್ಟೆ. ಪರಪರ ಎಂದಿತು. ಹೊಸ ಬಟ್ಟೆಯ ಸದ್ದು ಎಂದುಕೊಂಡೆ. ಮೂರನೆಯ ದಿನಕ್ಕೆ ಕತ್ತು ಎಡಕ್ಕೆ ವಾಲಿತು. ಐದನೆಯ ದಿನ ಬಲಗಡೆ ನಿಂತ ಸಾಹೇಬರಿಗೆ ನಮಸ್ಕರಿಸಲು ಕುರ್ಚಿಯನ್ನೇ ತಿರುಗಿಸಬೇಕಾಯಿತು. ಆದರೆ ಸೋಲೊಪ್ಪಲು ನಾನೇನು ಮಗುವೇ? ಅವಳು "ಹೇಗಿದೆ?" ಎಂದಾಗಲೆಲ್ಲ ಗೋಡೆ ನೋಡುತ್ತಾ "ಸ್ವರ್ಗ!" ಎಂದೆ.

ಭಾನುವಾರ ಅಂಗಡಿಯವರು ಬಂದು ಕುಳಿತ ಕೂಡಲೇ ನನ್ನ ದಿಂಬನ್ನೇ ಅವರ ಮಡಿಲಿಗಿಟ್ಟೆ. "ನಾನೇ ಒಂದು ವಾರ ಮಲಗಿ ಪರೀಕ್ಷಿಸಿದ್ದೀನಿ ಸರ್!"

ಅವರು ಅದನ್ನು ಅಮುಕಿದರು. ಪರಪರ! ಹುಬ್ಬು ಗಂಟಿಕ್ಕಿ ಹೊಲಿಗೆ ಬಿಚ್ಚಿದರು. ನನ್ನ ಹಳೆಯ ಬನಿಯನ್ನುಗಳು ಬಂದವು. ಅವುಗಳ ಹಿಂದೆಯೇ ಮುದ್ದೆಮುದ್ದೆಯಾಗಿ ಹನ್ನೆರಡು ಪುಟಗಳೂ ಬಂದವು. ಒಂದನ್ನು ಬಿಡಿಸಿ ಗಟ್ಟಿಯಾಗಿ ಓದಿದರು: "ಒಳಗೇನಿದೆ ಎಂದು ಗ್ರಾಹಕನು ಎಂದಿಗೂ ಬಿಚ್ಚಿ ನೋಡುವುದಿಲ್ಲ."

"ಅದು ಮಾರೋದಲ್ಲ ಸರ್, ನಮ್ಮನೆಯವರದು," ಎಂದು ಇವಳು ತನ್ನ ಹತ್ತಿ ದಿಂಬನ್ನು ಮುಂದಿಟ್ಟಳು.

"ಇದೇ ನೂರು ಕೊಡಿ ಅಮ್ಮ, ನಿಮ್ಮ ಬೆಲೆಗೇ. ಯಜಮಾನರು ಏನಂತೀರಿ?"

ಇದು ಅನ್ಯಾಯ, ಗಂಡನಿಗೆ ಮಾಡಿದ ಘೋರ ಮೋಸ, ಖಂಡಿತ ಒಪ್ಪುವುದಿಲ್ಲ ಎಂದು ಜೋರಾಗಿ ಅಡ್ಡಡ್ಡ ತಲೆಯಾಡಿಸಹೊರಟೆ. ಬಲಕ್ಕೆ ತಿರುಗಲೊಲ್ಲದ ಕತ್ತು ಎಡಕ್ಕೆ ಮೆಲ್ಲನೆ ವಾಲಿ ಅಲ್ಲೇ ನಿಂತಿತು.

"ಯಜಮಾನರೂ ಹೂಂ ಅಂದ್ರು," ಎಂದು ಅಂಗಡಿಯವರು ಆರ್ಡರ್ ಬರೆದುಕೊಂಡರು.