ಹಾವಿನ ಬಾಯಿಗೆ ಬಿದ್ದ ಸಂಬಂಧ

ಧರ್ಮನ ಹೊಸ ಮೊಬೈಲಿನಲ್ಲಿ ಹಾವಿನ ಆಟವೊಂದಿತ್ತು. ಹಾವಿಗೆ ಚುಕ್ಕಿ ತಿನ್ನಿಸುತ್ತ ಹೋದರೆ ಅದು ಉದ್ದವಾಗುತ್ತದೆ, ತನ್ನ ಬಾಲವನ್ನೇ ಮುಟ್ಟಿದರೆ ಸಾಯುತ್ತದೆ, ಅಷ್ಟೆ. ತೊಂದರೆ ಶುರುವಾದದ್ದು ಟ್ರ್ಯಾಕ್ಟರ್ ಡ್ರೈವರ್ ಮೋಹನ್ ಅದರಲ್ಲಿ ಸಿಕ್ಕಾಪಟ್ಟೆ ಅಂಕ ಹೊಡೆದು, "ಫೋನ್ ನಿಂದು, ರೆಕಾರ್ಡ್ ನಂದು ಕಣೋ" ಎಂದು ಬೆನ್ನು ತಟ್ಟಿ ಹೋದ ಮೇಲೆ. ಸ್ವಂತ ಫೋನಿನಲ್ಲಿ ಇನ್ನೊಬ್ಬನ ರೆಕಾರ್ಡ್ ಇಟ್ಟುಕೊಂಡು ಯಾವ ಗಂಡಸು ನೆಮ್ಮದಿಯಾಗಿರುತ್ತಾನೆ?

ಧರ್ಮ ಆನೇಮಹಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕುಂದೂರಿನ ವೀರಯ್ಯನವರ ಮಗಳು ಶೀಲಾಳನ್ನು ಹಿಂದಿನ ವಾರ ನೋಡಿ ಬಂದಿದ್ದ. ಕಾಫಿ ಕೊಡುವಾಗ ಅವಳು ಒಮ್ಮೆ ನಕ್ಕಿದ್ದಳು, ಅಂದಿನಿಂದ ಇವನಿಗೆ ಊಟ ಸೇರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ವೀರಯ್ಯನವರು ದೇವರ ಹತ್ತಿರ ಹೂ ಕೇಳುವವರಿದ್ದರು. ಬಲಗಡೆ ಹೂ ಬಿದ್ದರೆ ಮದುವೆ, ಎಡಗಡೆ ಬಿದ್ದರೆ ಬೇರೆ ಗಂಡು. ಬೂತಿನಿಂದ ಫೋನ್ ಮಾಡಿ ತಿಳಿಸುತ್ತೇನೆ ಎಂದಿದ್ದರು.

ಎಸ್ಟೇಟಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಧರ್ಮ ಅಲ್ಲೇ ಮೂಟೆಯೊಂದರ ಮೇಲೆ ಕೂತ. ಸುಮ್ಮನೆ ಕಾಯುವುದಕ್ಕಿಂತ ಒಂದೇ ಒಂದು ಆಟ ಆಡೋಣ ಅಂದುಕೊಂಡ.

ಹಾವು ಬೇಗ ಸತ್ತಿದ್ದರೆ ಬಿಟ್ಟೂ ಬಿಡುತ್ತಿದ್ದನೇನೋ. ಆ ಪಾಪಿ ಪ್ರತಿ ಸಲವೂ ಇನ್ನೇನು ಗೆದ್ದೆ ಅನ್ನುವಾಗಲೇ ಸಾಯುತ್ತಿತ್ತು. ಧರ್ಮ ಹಲ್ಲು ಕಡಿದ, ಫೋನನ್ನು ಮೂಟೆಗೆ ಕುಕ್ಕಿದ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ, ಆಣೆ ಮುಗಿಯುವ ಮೊದಲೇ ಮತ್ತೆ ಗುಂಡಿ ಒತ್ತಿದ. ಕಾಫಿ ಹರಡುತ್ತಿದ್ದ ಆಳುಗಳಾದ ಮಾರಮ್ಮ, ತಾಯಮ್ಮ ಕೆಲಸ ಬಿಟ್ಟು ಬಂದು ಅವನ ಎರಡು ಹೆಗಲ ಮೇಲಿಂದ ಇಣುಕಿದರು. ಒಬ್ಬಳು ಎಡಕ್ಕೆ ತಿರುಗಿಸು ಅಂದರೆ ಇನ್ನೊಬ್ಬಳು ಬಲಕ್ಕೆ ಅನ್ನುತ್ತಿದ್ದಳು, ಹಾವು ಸತ್ತಾಗ ಇಬ್ಬರೂ ಸೇರಿ ಧರ್ಮನನ್ನು ಬೈಯುತ್ತಿದ್ದರು.

ಕೊನೆಗೊಮ್ಮೆ ಹಾವು ಬಾವಿ ಹಗ್ಗದಷ್ಟು ಬೆಳೆಯಿತು. ಇನ್ನೆರಡು ಚುಕ್ಕಿ ತಿಂದರೆ ಮೋಹನ್ ಮಣ್ಣು ಮುಕ್ಕುತ್ತಿದ್ದ. ಆಗ ಫೋನ್ ರಿಂಗಾಯಿತು. ಹಾವು ಮಾಯವಾಗಿ ಕುಂದೂರಿನ ಬೂತಿನ ನಂಬರು ಬಂತು. ಧರ್ಮನ ಬೆರಳು ತಲೆಯನ್ನು ಕೇಳದೆ ಕೆಂಪು ಗುಂಡಿ ಒತ್ತಿಬಿಟ್ಟಿತು. ಮತ್ತೆ ರಿಂಗಾದಾಗ ಮಾರಮ್ಮನೇ ಕೈ ಹಾಕಿ ಕಟ್ ಮಾಡಿದಳು.

"ಆಮೇಲ್ ಮಾಡ್ತಾರೆ ಬುಡು. ಹಾವ್ ನೋಡು" ಎಂದಳು.

ಆಮೇಲೆ ಯಾರೂ ಮಾಡಲಿಲ್ಲ. ಹಾವೂ ಸತ್ತಿತು. ತಿರುಗಿ ಫೋನ್ ಮಾಡೋಣವೆಂದರೆ ಕರೆನ್ಸಿ ಇರಲಿಲ್ಲ. ಅತ್ತ ರೆಕಾರ್ಡೂ ಇಲ್ಲ, ಇತ್ತ ಶೀಲಾಳೂ ಇಲ್ಲ ಎಂದು ಧರ್ಮನಿಗೆ ಅಳುವೇ ಬಂತು. ಸಮಾಧಾನಕ್ಕೆ ಇನ್ನೊಂದಾಟ ಆಡು ಎಂದಳು ತಾಯಮ್ಮ.

ಮಧ್ಯಾಹ್ನದ ಬಸ್ಸಿನಲ್ಲಿ ವೀರಯ್ಯನವರೇ ಬಂದಿಳಿದರು. ಸಿಟ್ಟಿಗೆ ಮೀಸೆ ಅದುರುತ್ತಿತ್ತು.

"ಎರಡ್ ಸಲ ಕಟ್ ಮಾಡ್ದಲ್ಲಪ್ಪ, ಅಂಥಾ ಘನಂದಾರಿ ಕೆಲ್ಸ ಏನೈತೆ ಇದ್ರಲ್ಲಿ? ತತ್ತಾ ಇಲ್ಲಿ."

ಧರ್ಮ ಫೋನ್ ಕೊಟ್ಟ. ಅವನು ಬಾಯಿ ಬಿಡುವ ಮೊದಲೇ ಮಾರಮ್ಮ ಆಟ ಹೇಳಿಕೊಟ್ಟಳು. ವೀರಯ್ಯನವರ ಮೊದಲ ಹಾವು ಹುಟ್ಟುತ್ತಲೇ ಸತ್ತಿತು. ಇದು ಮಕ್ಕಳಾಟ ಎಂದು ನಕ್ಕರು. ಎರಡನೆಯದು ಸತ್ತಾಗ ನಗಲಿಲ್ಲ. ಮೂರನೆಯದಕ್ಕೆ ಪಂಚೆ ಎತ್ತಿ ಕಟ್ಟಿ ಮೂಟೆಯ ಮೇಲೆ ಕೂತರು.

"ಮಾವ, ಹೂವು ಯಾವ್ ಕಡೆ ಬಿತ್ತು?" ಧರ್ಮ ಮೆಲ್ಲಗೆ ಕೇಳಿದ.

"ಸುಮ್ನಿರಪ್ಪ, ಬಾಲ ಅಡ್ಡ ಬತ್ತಾ ಐತೆ."

ಹೊತ್ತು ಇಳಿಯಿತು. ಕುಂದೂರಿಗೆ ಹೋಗಲು ಹಿಡಿಯಬೇಕಾದ ಬಾಳ್ಳುಪೇಟೆ ಕಡೆಯ ಕೊನೆಯ ಬಸ್ಸು ಗೇಟಿನ ಮುಂದೆ ಹಾರ್ನ್ ಹೊಡೆಯಿತು. ವೀರಯ್ಯನವರು ಗುಂಡಿ ಒತ್ತುತ್ತಲೇ ಓಡಿದರು, ಕಂಡಕ್ಟರ್ ರೆಟ್ಟೆ ಹಿಡಿದು ಒಳಗೆಳೆದುಕೊಂಡ. ಧರ್ಮ ಕಿಟಕಿ ಹಿಡಿದು ಬಸ್ಸಿನ ಜೊತೆಯಲ್ಲೇ ಓಡುತ್ತ ಹೂವಿನ ವಿಚಾರ ಹೇಳಿ ಹೋಗಿ ಎಂದು ಅಂಗಲಾಚಿದ.

ಧರ್ಮನ ಮೊಬೈಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ವೀರಯ್ಯನವರು ತಲೆ ಎತ್ತಲಿಲ್ಲ.

"ಊರಿಗ್ ಹೋಗಿ ಫೋನ್ ಮಾಡ್ತೀನಿ ಕಣಪ್ಪ. ಈ ಸಲನಾದ್ರೂ ಎತ್ತು."