ಗೋಡೆಗೂ ಹತ್ತು ವರ್ಷ ಇಳಿಸಿದ ಫೋನು

ಮನೆಗೊಂದು, ಕೆಲಸಕ್ಕೊಂದು ಎಂದು ಎರಡೆರಡು ಫೋನು ಹೊರುವವನು ಶುದ್ಧ ಪೆದ್ದ, ತಾನಿನ್ನು ಎರಡಕ್ಕೂ ಒಂದೇ ಇಡುವವನು ಎಂದು ನಮ್ಮ ಪೇಂಟರ್ ಮಹಾಶಯ ಘೋಷಿಸಿಬಿಟ್ಟ. ಮೂರು ವಾರ ಅಂಗಡಿ ಅಂಗಡಿ ಅಲೆದ. ಇವನ ತಲೆ ಕಂಡರೆ ಅಂಗಡಿಯವರು ಷಟರ್ ಎಳೆಯುವ ಹಂತ ಬಂದ ಮೇಲೆ ಒಂದನ್ನು ಆರಿಸಿದ. ಏಣಿಯ ಮೇಲಿಂದ ಬಿದ್ದರೂ ಒಡೆಯದು, ಒದ್ದೆ ಕೈಗೂ ಓಗೊಡುತ್ತದೆ, ಕ್ಯಾಮೆರಾದ ಮಾತಂತೂ ಕೇಳಲೇಬೇಡಿ! ಮೊದಲ ಫೋಟೊ ಹೆಂಡತಿಯದು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳು ಕನ್ನಡಕ ಸರಿಸಿ ನೋಡಿದಳು.

"ಇದ್ಯಾರ್ರೀ?"

"ನೀನೇ ಕಣೇ."

"ನನ್ನ ತಂಗಿ ಇದ್ದಂಗಿದೆ. ಹತ್ತು ವರ್ಷ ಎಲ್ಲಿ ಹೋಯ್ತು?"

"ಅದೇ ಇದರ ದೊಡ್ಡ ಗುಣ" ಎಂದು ಇವನು ಬೀಗಿದ.

ಅದೇ ವಾರ ದಂತವೈದ್ಯೆಯೊಬ್ಬರ ಕ್ಲಿನಿಕ್ಕಿನಲ್ಲಿ ಪೈಪು ಒಡೆದು ಗೋಡೆಯ ಒಂದು ಭಾಗ ಹಾಳಾಯಿತು. ಅಷ್ಟಕ್ಕೆ ಮಾತ್ರ ಹಳೆಯ ಬಣ್ಣವನ್ನೇ ಹೊಂದಿಸಿ ಬಳಿಯಬೇಕು. ಇವನು ಗೋಡೆಯ ಫೋಟೊ ಹೊಡೆದು, ಬಣ್ಣದಂಗಡಿಯಲ್ಲಿ ತೋರಿಸಿ, ಅದರಂತೆಯೇ ಕಲಸಿಸಿ ತಂದು ಬಳಿದ. ಮಧ್ಯಾಹ್ನ ಒಣಗಿತು ನೋಡಿ, ಮಾಸಲು ಹಸಿರು ಗೋಡೆಯ ನಡುವೆ ಗಿಳಿಹಸಿರಿನ ಚೌಕವೊಂದು ಕಂಗೊಳಿಸಿತು. ಫೋನು ಗೋಡೆಗೂ ಹತ್ತು ವರ್ಷ ಇಳಿಸಿತ್ತು.

"ಇದೇನ್ರೀ, ಗೋಡೆಗೆ ತೇಪೆ ಹಾಕಿದ್ದೀರಾ?" ಎಂದರು ದಂತವೈದ್ಯೆ. "ನಾಳೆ ಬೆಳಿಗ್ಗೆ ಪೇಷೆಂಟ್‌ಗಳು ಬರ್ತಾರೆ. ಅಷ್ಟರಲ್ಲಿ ಸರಿಯಾಗದಿದ್ರೆ ಬೇರೆಯವರನ್ನ ಕರೀತೀನಿ."

ಬಣ್ಣ ಹೊಂದಿಸುವುದರಲ್ಲಿ ಇಪ್ಪತ್ತು ವರ್ಷ ಗಳಿಸಿದ ಹೆಸರು ಒಂದೇ ಸಂಜೆಗೆ ಮಣ್ಣುಪಾಲಾಗುವುದರಲ್ಲಿತ್ತು. ಇವನು ಹೆಂಡತಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ.

"ಬಟ್ಟೆಗೆ ದಾರ ಹೊಂದಿಸೋಕೆ ನಾನು ಫೋಟೊ ಒಯ್ತೀನಾ? ಚೂರು ಒಯ್ತೀನಿ. ಇರಿ, ಬಂದೆ."

ಬಂದವಳೇ ಬಾಗಿಲ ಹಿಂದಿನ ಮೂಲೆಯಲ್ಲಿ ಕತ್ತರಿಯ ತುದಿಯಿಂದ ಹಳೆಯ ಬಣ್ಣದ ಒಂದು ಚಕ್ಕೆ ಎಬ್ಬಿಸಿದಳು. ಅದನ್ನು ಅಂಗಡಿಗೆ ಒಯ್ದು, ಬಿಸಿಲಿಗೆ ಹಿಡಿದು, ಕಲಸಿದ ಬಣ್ಣದ ಪಕ್ಕ ಇಟ್ಟು, "ಇನ್ನೊಂದು ಹನಿ ಕಪ್ಪು ಹಾಕಿ. ಸಾಕು" ಎಂದಳು. ಸಂಜೆ ಬಳಿದದ್ದು ಒಣಗಿದ ಮೇಲೆ, ತೇಪೆ ಎಲ್ಲಿತ್ತೆಂದು ಬಳಿದವನೇ ಗೋಡೆ ತಡವಿ ಹುಡುಕಬೇಕಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆದವು.

ಮರುದಿನ ದಂತವೈದ್ಯೆಯ ಕರೆ ಬಂತು. ಇವನು ಗಂಟಲು ಸರಿಮಾಡಿಕೊಂಡು, "ಹೇಳಿ ಮೇಡಂ" ಎಂದ.

"ಇನ್ನೆರಡು ಕೋಣೆಗೂ ಬಣ್ಣ ಆಗಬೇಕಿತ್ತು."

"ಈಗಲೇ ಬಂದು ನೋಡ್ತೀನಿ ಮೇಡಂ."

"ಬಳಿಯೋಕೆ ನೀವು ಬನ್ನಿ. ನೋಡೋಕೆ ನಿಮ್ಮ ಮನೆಯವರನ್ನ ಕಳಿಸಿ."