ಬೆಂಕಿಗೆ ತಿಳಿಯಬಾರದ ವಿಷಯ

ನಗರದ ಅಗ್ನಿಶಾಮಕ ಇಲಾಖೆಯಲ್ಲಿ ಐದು ವಾಹನಗಳಿದ್ದು, ಐದೂ ಕೆಂಪಗಿದ್ದವು. ನಾಲ್ಕರಲ್ಲಿ ನೀರು ಹಾಯಿಸುವ ಪಂಪು ಇರಲಿಲ್ಲ. ಇದನ್ನು ಪತ್ತೆಹಚ್ಚಿದವನು ಇಲಾಖೆಯ ಸ್ಟೋರ್ ಕೀಪರ್. ಕೂಡಲೇ ಮೇಲಧಿಕಾರಿಗೆ ಪತ್ರ ಬರೆದ. ಅವರೂ ಕೂಡಲೇ ಕ್ರಮ ಕೈಗೊಂಡರು: ಪತ್ರದ ಮೇಲೆ ‘ಸರ್ಕಾರಿ ರಹಸ್ಯ’ ಎಂಬ ಮೊಹರು ಒತ್ತಿದರು.

“ಶತ್ರುವಿಗೆ ತಿಳಿದ್ರೆ ಅಪಾಯ ಕಣಯ್ಯಾ.”

“ನಮಗ್ಯಾರು ಸಾರ್ ಶತ್ರು?”

“ಬೆಂಕಿ.”

ಸ್ಟೋರ್ ಕೀಪರ್‌ಗೆ ಮೂರು ದಿನ ಊಟ ಸೇರಲಿಲ್ಲ. ಅವನ ಮನೆಯ ಎದುರಿಗೇ ಮಕ್ಕಳ ಶಾಲೆ. ನಾಲ್ಕನೆಯ ದಿನ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದ ಅಕ್ಕನ ಮನೆಗೆ ಹೋದವನು, ಅವಳು ಪಾತ್ರೆ ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟ.

ಅಕ್ಕ ಕೈ ಒರೆಸಿಕೊಂಡಳು. “ನೋಡು, ನೀನು ಹೇಳಿದ್ರೆ ಅಪರಾಧ, ನಾನು ಅಚ್ಚು ಹಾಕಿದ್ರೆ ಕರ್ತವ್ಯ. ನಿನ್ನ ಹೆಸರು ಸತ್ರೂ ಹಾಕಲ್ಲ. ಆದ್ರೂ ಯೋಚನೆ ಮಾಡು, ಕೆಲಸಕ್ಕೆ ಕುತ್ತು ಬಂದೀತು.”

“ಶಾಲೆಗೆ ಬೆಂಕಿ ಬಿದ್ರೆ ಕಿಟಕೀಲಿ ನಿಂತು ನೋಡ್ಲಾ? ಹಾಕು.”

ಸುದ್ದಿ ಮುಖಪುಟದಲ್ಲೇ ಬಂತು. ಇಲಾಖೆಯ ಪ್ರಕಟಣೆ ಹೀಗಿತ್ತು: “ಸದರಿ ವರದಿ ಸಂಪೂರ್ಣ ಸುಳ್ಳು. ಸದರಿ ಸತ್ಯವನ್ನು ಹೊರಗೆಡಹಿದವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು.”

ಸಹೋದ್ಯೋಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಶುರುವಾದಾಗ ಅವನಿಗೆ ತಡೆಯಲಾಗಲಿಲ್ಲ. “ನಾನೇ ಹೇಳಿದ್ದು ಸಾರ್.”

ಮೇಲಧಿಕಾರಿ ಹಣೆ ಚಚ್ಚಿಕೊಂಡರು. “ಯಾರು ಹೇಳಿದ್ದು ಅನ್ನೋದೂ ರಹಸ್ಯಾನೇ ಕಣಯ್ಯಾ! ಅದನ್ನೂ ಹೇಳ್ಬಿಟ್ಯಲ್ಲ. ಈಗ ಎರಡು ಅಪರಾಧ.”

ಸಭಾಂಗಣ ಒಂದೇ ದಿನ ಸಿಕ್ಕಿದ್ದರಿಂದ, ಅಕ್ಕನಿಗೆ ದಿಟ್ಟ ವರದಿಗಾಗಿ ಪ್ರಶಸ್ತಿ, ತಮ್ಮನಿಗೆ ಅಮಾನತಿನ ಆದೇಶ, ಎರಡನ್ನೂ ಒಂದೇ ವೇದಿಕೆಯಲ್ಲಿ ಮೇಲಧಿಕಾರಿಯವರೇ ವಿತರಿಸಿದರು.

ಮುಂದಿನ ಸಾಲಿನಿಂದ ಅಕ್ಕ-ತಮ್ಮನ ತಾಯಿ ಎದ್ದು ಕೇಳಿದರು: “ಇಬ್ರೂ ಹೇಳಿದ್ದು ಒಂದೇ ತಾನೆ ಸ್ವಾಮೀ?”

“ಒಂದೇ, ತಾಯೀ. ಇವನು ಬಾಯಲ್ಲಿ ಹೇಳಿದ, ಅವರು ಅಚ್ಚಲ್ಲಿ ಹೇಳಿದ್ರು.”

ತಾಯಿ ಎರಡಕ್ಕೂ ಚಪ್ಪಾಳೆ ತಟ್ಟಿದರು. ಅಕ್ಕ ತನ್ನ ಹೂಗುಚ್ಛವನ್ನು ತಮ್ಮನ ಕೈಗಿಟ್ಟಳು.

ಜನರ ಗಲಾಟೆ ತಾಳಲಾರದೆ ಇಲಾಖೆ ನಾಲ್ಕು ಪಂಪು ತರಿಸಿತು. ಆದರೆ ಯಾವ ವಾಹನಕ್ಕೆ ಪಂಪಿಲ್ಲವೆಂಬುದು ಅಧಿಕೃತವಾಗಿ ಯಾರಿಗೂ ಗೊತ್ತಿರಲಿಲ್ಲ. ಆದಕಾರಣ ಗೊತ್ತಿದ್ದ ಏಕೈಕ ಅಪರಾಧಿಯನ್ನು, ಅಮಾನತಿಗೆ ಧಕ್ಕೆ ಬಾರದಂತೆ, ಕೆಲಸಕ್ಕೆ ಕರೆಸಲಾಯಿತು. ಅವನು ಅಂಗಿಯ ತೋಳು ಮಡಚಿಕೊಂಡು ಓಡೋಡಿ ಬಂದು ನಾಲ್ಕನ್ನೂ ಜೋಡಿಸಿ, ಗುಂಡಿ ಒತ್ತಿದ. ನೀರು ಭರ್ರನೆ ಚಿಮ್ಮಿ ಮೇಲಧಿಕಾರಿಯಾದಿಯಾಗಿ ಎಲ್ಲರೂ ತೊಯ್ದು ತೊಪ್ಪೆಯಾದರು.

ತೊಯ್ದ ವಿಷಯವನ್ನು ಯಾರೂ ಹೊರಗೆ ಹೇಳಕೂಡದೆಂದು ಆಗಲೇ ಸುತ್ತೋಲೆ ಬಂತು. ಎಲ್ಲರೂ ತಲೆ ಒರೆಸಿಕೊಳ್ಳುತ್ತ ಸಹಿ ಹಾಕಿದರು.